ಕೈ ವಾಸನೆ

ಸುಬ್ಬಿ ಮೂರನೇ ಸಲ ಕೈ ತೊಳೆದಳು. ಮೊದಲು ಹುಣಸೆಹುಳಿ, ಆಮೇಲೆ ಲಿಂಬೆಸಿಪ್ಪೆ, ಈಗ ಕಡಲೆಹಿಟ್ಟು. ಮೂಗಿನ ಹತ್ತಿರ ಹಿಡಿದು ನೋಡಿದಳು. ಮೂವತ್ತು ವರ್ಷ ಹೊನ್ನಾವರದ ಪೇಟೆಯಲ್ಲಿ ಮೀನು ಮಾರಿದ ಕೈ, ಒಂದು ಮುಷ್ಟಿ ಕಡಲೆಹಿಟ್ಟಿಗೆ ಜಗ್ಗುವುದುಂಟೇ? ಸೊಂಟ ಹಿಡಿದುಕೊಂಡು ಬಂದು ಜಗಲಿಯ ಮೂಲೆಯಲ್ಲಿದ್ದ ಪಂಜರದ ಮುಂದೆ ಕುಕ್ಕರಿಸಿದಳು. ಕೊತ್ತಂಬರಿ ಸೊಪ್ಪಿನ ಕಡ್ಡಿಯೊಂದನ್ನು ಸರಳಿನ ಸಂದಿಯಲ್ಲಿ ತೂರಿಸಿ, ಪೇಟೆಯಲ್ಲಿ ಕೂಗುವ ಗಂಟಲಲ್ಲೇ ಕರೆದಳು.

“ಬಾರಾ! ತಿನ್ನಾ! ಎಷ್ಟು ಸೊಕ್ಕು ನಿಂಗೆ!”

ಒಳಗಿದ್ದ ಎರಡು ಗಿನಿಪಿಗ್‌ಗಳು ಒಂದರ ಮೇಲೊಂದು ಬಿದ್ದು ಗೋಣಿಚೀಲದ ಹಿಂದೆ ಅಡಗಿದವು.

ಅವು ಮನೆಗೆ ಬಂದು ನಾಲ್ಕು ದಿನವಾಗಿತ್ತು. ಊರು ಬಿಟ್ಟು ಹೊರಟ ಭಟ್ಕಳದ ಯಾರೋ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ, ಸೊಸೆ ವಿನುತಾ ಕೆಲಸ ಮಾಡುವ ಪ್ರಾಣಿಗಳ ದವಾಖಾನೆಯ ಬಾಗಿಲಲ್ಲಿ ಇಟ್ಟು ಹೋಗಿದ್ದರು. ಕುಮಟಾದ ಒಂದು ಮನೆಯವರು ಸಾಕುತ್ತೇವೆ ಅಂದಿದ್ದಾರೆ, ಆದರೆ ಹದಿನೈದು ದಿನ ಬಿಟ್ಟು. “ಅಲ್ಲೀವರೆಗೆ ನಮ್ಮನೇಲಿ ಇಟ್ಕೊಳ್ಳಲಾ ಅತ್ತೆ?” ಎಂದು ವಿನುತಾ ನೆಲ ನೋಡಿಕೊಂಡು ಕೇಳಿದ್ದಳು. ಮದುವೆಯಾಗಿ ಬಂದ ಮೂರು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ. ಮಗ ದಿನೇಶ ಮಲ್ಪೆಯ ಬೋಟಿಗೆ ಹೋದನೆಂದರೆ ಈ ಮನೆಯಲ್ಲಿ ಇರುವುದು ಅತ್ತೆ, ಸೊಸೆ ಇಬ್ಬರೇ. ಆದರೂ ಸೊಸೆಯ ಮಾತು ‘ಹೂಂ’ ಎಂದು ಶುರುವಾಗಿ ‘ಆತು’ ಎಂದು ಮುಗಿಯುತ್ತಿತ್ತು. ಅದಕ್ಕೇ ಸುಬ್ಬಿ ಹಿಂದೆಮುಂದೆ ನೋಡದೆ ಒಪ್ಪಿಬಿಟ್ಟಿದ್ದಳು.

ಮೊದಲ ದಿನವೇ ಎಡವಟ್ಟಾಯಿತು. ನೆಂಟರನ್ನು ಒಲಿಸಿಕೊಳ್ಳಲು ಸುಬ್ಬಿಗೆ ಗೊತ್ತಿದ್ದದ್ದು ಒಂದೇ ದಾರಿ. ಒಣ ಶೆಟ್ಲಿ ಹುರಿದು ಬಟ್ಟಲು ತುಂಬ ಇಟ್ಟಳು. ವಿನುತಾ ಬಂದು ಆ ಸೀಗಡಿಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದಳು. “ಇವು ಮೀನು ಗೀನು ಮುಟ್ಟೂದಿಲ್ಲ ಅತ್ತೆ. ಸೊಪ್ಪು, ಹುಲ್ಲು ಅಷ್ಟೇ.” ಈ ಮಾವಿನಕುರ್ವೆ ಊರಿನ ಮೀನುಗಾರರ ಮನೆಯನ್ನೇ ಹುಡುಕಿಕೊಂಡು ಬಂದ ಸಸ್ಯಾಹಾರಿಗಳು! ಸುಬ್ಬಿಗೆ ಅವತ್ತು ನಗು ತಡೆಯಲಾಗಿರಲಿಲ್ಲ.

ಇವತ್ತು ನಗು ಬರಲಿಲ್ಲ. ಬಿಳಿಯದು ಹೇಗೋ ಹುಲ್ಲು ಕಡಿಯುತ್ತಿತ್ತು. ಕಂದು ಬಣ್ಣದ್ದು ನಿನ್ನೆ ಸಂಜೆಯಿಂದ ಏನನ್ನೂ ಮುಟ್ಟಿರಲಿಲ್ಲ. “ಈ ಜಾತಿ ಒಂದೆರಡು ದಿನ ಉಪಾಸ ಬಿದ್ರೆ ಸತ್ತೇ ಹೋಗ್ತದಂತೆ, ಡಾಕ್ಟ್ರು ಹೇಳೀರು” ಎಂದು ಬೆಳಿಗ್ಗೆ ಹೊರಡುವಾಗ ವಿನುತಾ ಅಂದಿದ್ದಳು. ಆ ಮಾತು ತಲೆಯೊಳಗೆ ಕೊರೆದು, ಸುಬ್ಬಿ ಅರ್ಧ ಬುಟ್ಟಿ ತಾರ್ಲೆ ಮೀನನ್ನು ಸಿಕ್ಕಿದ ರೇಟಿಗೆ ಕೊಟ್ಟು ಹನ್ನೊಂದಕ್ಕೇ ಮನೆ ಸೇರಿದ್ದಳು. ಅಲ್ಲಿಂದ ಕರೆದದ್ದೇ ಕರೆದದ್ದು. ಸೊಸೆ ಆಸೆಪಟ್ಟು ತಂದದ್ದು ತನ್ನ ಕೈಯಲ್ಲಿ ಸತ್ತರೆ ಇನ್ನು ಅವಳು ಈ ಮನೆಯಲ್ಲಿ ಏನನ್ನೂ ಕೇಳಲಿಕ್ಕಿಲ್ಲ. ಹೆದರಿಕೆಗೂ ದಣಿವಿಗೂ ಸುಬ್ಬಿಗೆ ಅಳು ಬರುವ ಹಾಗಾಗಿತ್ತು.

ಐದೂವರೆಗೆ ವಿನುತಾ ಬಂದಳು. “ತಿಂತಾ ಅತ್ತೆ?”

“ಎಲ್ಲಿ ತಿಂತದೆ! ನನ್ನ ಕೈ ವಾಸನೆ ಮಾರಾಯ್ತಿ. ಎಷ್ಟು ತಿಕ್ಕಿದ್ರೂ ಹೋಗೂದಿಲ್ಲ.”

ವಿನುತಾ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. “ಕೈ ಅಲ್ಲ ಅತ್ತೆ.”

“ಮತ್ತೆಂತ?”

“ನೀವು ಕರೆದ ಕೂಡ್ಲೆ ಎದೆ ಧಸಕ್ ಅಂತದೆ. ಬೈದದ್ದಲ್ಲ, ಊಟಕ್ಕೆ ಕರೆದದ್ದು ಅಂತ ಆಮೇಲೇ ಗೊತ್ತಾಗೂದು.”

“ಯಾರಿಗೆ? ಇವಕ್ಕಾ?”

ವಿನುತಾ ಕಣ್ಣು ತಪ್ಪಿಸಿ ಒಳಗೆ ಹೋದಳು.

ಸುಬ್ಬಿಗೆ ರೇಗಿತು. ಈ ಸ್ವರ ಇಲ್ಲದಿದ್ದರೆ ಪೇಟೆಯ ಅಷ್ಟು ಬಾಯಿಗಳ ನಡುವೆ ಅವಳ ಬಂಗಡೆಯನ್ನು ಯಾರು ಕೇಳುತ್ತಿದ್ದರು? ಗಂಡ ತೀರಿಕೊಂಡ ಮೇಲೆ ಮಗನನ್ನು ಸಾಕಿದ್ದು, ಸೋರುವ ಮಾಡಿಗೆ ಹೆಂಚು ಹೊದಿಸಿದ್ದು ಇದೇ ಸ್ವರ. ಇದೆಲ್ಲ ಗಂಟಲಿಗೆ ಬಂತು. ಆದರೆ ಕೂಗಾಡಲು ಅವಳಲ್ಲಿ ತ್ರಾಣ ಉಳಿದಿರಲಿಲ್ಲ. ಗೋಡೆಗೆ ಒರಗಿ ಕೊತ್ತಂಬರಿ ಕಡ್ಡಿ ಹಿಡಿದು ಸುಮ್ಮನೆ ಕುಳಿತಳು. ಕೈ ಜೋಮು ಹಿಡಿಯಿತು. ಇಳಿಬಿಸಿಲು ಜಗಲಿಯಿಂದ ಅಂಗಳಕ್ಕೆ ಸರಿಯಿತು.

ನಿದ್ದೆಗೆ ಕಣ್ಣು ಎಳೆಯುತ್ತಿರುವಾಗ ಕಡ್ಡಿ ಅಲುಗಿತು. ಗೋಣಿಚೀಲದಾಚೆಯಿಂದ ಒಂದು ಕಂದು ಮೂತಿ ಹೊರಬಂದಿತ್ತು. ಎಲೆ ಒಂದೊಂದೇ ಒಳಗೆ ಹೋಗಿ, ಕೊನೆಗೆ ದಂಟೂ ಹೋಗಿ, ಒದ್ದೆ ಮೂಗು ಅವಳ ಬೆರಳಿಗೆ ತಾಗಿತು. ಮೀನಿನ ವಾಸನೆ ಇದ್ದಲ್ಲೇ ಇತ್ತು. ಅದು ಬೆರಳನ್ನು ಮೂಸಿತು, ಓಡಲಿಲ್ಲ.

“ತಿನ್ನು ಮಗಾ” ಅಂದಳು ಸುಬ್ಬಿ. ದಿನೇಶ ತೊಟ್ಟಿಲಲ್ಲಿದ್ದಾಗ ಆಡಿದ್ದ ಸ್ವರ ಅದು, ಎಲ್ಲಿತ್ತೋ ಏನೋ. ಇದನ್ನು ಸೊಸೆಗೆ ಈಗಲೇ ತೋರಿಸಬೇಕು ಅನ್ನಿಸಿತು. ಎಂದಿನಂತೆ ಕೂಗಲು ಬಾಯಿ ತೆರೆದವಳು, ಬೆರಳ ಹತ್ತಿರದ ಮೂತಿಯನ್ನು ನೋಡಿ ತಡೆದಳು. ಅದೇ ಮೆಲುದನಿಯಲ್ಲಿ ಕರೆದಳು. “ವಿನುತಾ... ಬಾ ಇಲ್ಲಿ.”

ಅಡುಗೆಮನೆಯ ಪಾತ್ರೆ ಸದ್ದು ನಿಂತಿತು. ವಿನುತಾ ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಅತ್ತೆಯ ಕಡೆ ನೋಡದೆ ಅಂಗಳದತ್ತ ಕತ್ತು ಚಾಚಿದಳು.

“ಯಾರು ಬಂದ್ರು ಅತ್ತೆ? ಯಾರೋ ನನ್ನ ಕರೆದ್ರಲ್ಲ?”