ಬಿರುಕಿನೊಳಗಿನ ವೈರು

ಅಂಗಳದ ಗಿಡಗಳ ನಡುವೆ ಸಣ್ಣ ದೀಪ ಹಾಕಿಸಲು ಇವತ್ತು ನೆಲ ಅಗೆಸುತ್ತಿದ್ದೇನೆ. ಎರೆಮಣ್ಣಿನ ವಾಸನೆಗೆ ಬಾಗೇವಾಡಿಯ ಆ ಬೇಸಿಗೆಯ ಮಧ್ಯಾಹ್ನ ಎದುರು ಬಂದು ನಿಂತಿದೆ.

ಅವ್ವ ಸಿಟ್ಟು ಮಾಡಿಕೊಂಡು ಮಸೂತಿ ಎಂಬ ಊರಿನ ತವರಿಗೆ ಹೋಗಿದ್ದಳು. ಅಪ್ಪ ಗೇಟಿನಿಂದ ಬಾಗಿಲತನಕ ಅವಳ ಮಲ್ಲಿಗೆಯ ಬದಿಗೆ ದೀಪ ನೆಡುತ್ತಿದ್ದ. ಅಗೆಯುವ ಕೆಲಸವೇ ಇರಲಿಲ್ಲ. ಬಿಸಿಲಿಗೆ ಬಾಯಿಬಿಟ್ಟಿದ್ದ ನೆಲದ ಬಿರುಕಿನೊಳಗೇ ವೈರು ಇಳಿಸುತ್ತ ಹೋದ. ನಾನು ಹಿಂದಿನಿಂದ ಕಡ್ಡಿ ಹಿಡಿದು ಅದನ್ನು ಒಳಗೆ ಒತ್ತುತ್ತಿದ್ದೆ.

"ಶಾಕ್ ಹೊಡಿತೈತೇನ, ಅಪ್ಪಾ?"

"ಬ್ಯಾಟರಿದು ಐತಿ, ಏನೂ ಆಗಂಗಿಲ್ಲ. ನಿಮ್ಮವ್ವಗ ಕತ್ತಲಾದ್ರ ಕಣ್ಣ ಕಾಣಂಗಿಲ್ಲ. ಬಂದಾಗ ಎಡವಬಾರ್ದು."

ಕಟ್ಟೆಯ ಮೇಲೆ ಕೂತಿದ್ದ ಆಯಿ, ಅಪ್ಪನ ಅವ್ವ, ಸುಮ್ಮನಿರಲಿಲ್ಲ. "ಹೋಗಿ ಕರ್ಕೊಂಡ ಬಾ ಅಂದ್ರ ದೀಪಾ ಹಚ್ಚಾಕತ್ತಿ. ಕರೀದ ಹೆಂಗ ಬರ್ತಾಳೋ ಆಕಿ?"

ಅಪ್ಪ ಹಲ್ಲಿನಿಂದ ವೈರಿನ ಸಿಪ್ಪೆ ಸುಲಿದು ಉಗುಳಿದ.

ಮಳೆ ಬಿದ್ದು ಬಿರುಕು ಕೂಡಿಕೊಂಡವು. ವೈರು ಎಲ್ಲಿದೆಯೆಂಬ ಗುರುತೂ ಉಳಿಯಲಿಲ್ಲ. ದಿನಾ ಹೊತ್ತು ಮುಳುಗಿದ ಕೂಡಲೇ ಅಪ್ಪ ಸ್ವಿಚ್ ಹಾಕಿ ಕಟ್ಟೆಯ ಮೇಲೆ ನನ್ನ ಪಕ್ಕ ಕೂಡುತ್ತಿದ್ದ. ಖಾಲಿ ದಾರಿ ಗೇಟಿನತನಕ ಬೆಳ್ಳಗೆ ಕಾಣುತ್ತಿತ್ತು. ಮಸೂತಿಗೆ ಹೋಗುವ ಬಸ್ಸು ಆ ಗೇಟಿನ ಮುಂದೆಯೇ ಹಾದುಹೋಗುತ್ತಿತ್ತು. ಅಪ್ಪ ಒಮ್ಮೆಯೂ ಅದನ್ನು ಹತ್ತಲಿಲ್ಲ.