ನಡುವೆ ನಿಲ್ಲದ ಬ್ಲೋವರ್

“ಬ್ಯಾಟರಿದು ಬೇಡ, ಪೆಟ್ರೋಲಿಂದೇ ಬೇಕು ಅಂತೀರಲ್ಲ, ಎಲೆ ಏನು ಹೇಳಿಬಿಡುತ್ತೋ ಅಂತ ಹೆದರಿಕೇನಾ?”

“ಬಾಯಿ ಮುಚ್ಚೇ! ಅಂಗಡೀಲಿ ಮಾನ ಕಳೀಬೇಡ.”

“ಕೊಳ್ಳೋಕೆ ಬಂದಿದ್ದೀರೋ, ಕಾದಾಡೋಕೋ?” ಎಂದು ಗದರಿದೆ. ರೇವಣ್ಣ, ಸರ್ವಮಂಗಳ ಗಂಡ ಹೆಂಡತಿ. ಬಂದಾಗಿನಿಂದ ನನ್ನ ತಲೆ ತಿನ್ನುತ್ತಿದ್ದರು. ಮರದ ಕೆಳಗೆ ಆಡಿದ ಮಾತನ್ನು ಉದುರಿದ ಎಲೆ ಗಾಳಿಗೆ ಎದ್ದಾಗಲೆಲ್ಲ ಆಡಿದವರ ದನಿಯಲ್ಲೇ ಒಪ್ಪಿಸುತ್ತದೆ. ಅದಕ್ಕೇ ಎಲೆ ಊದಿ ಅಂಗಳ ಗುಡಿಸುವವರಿಗೆಲ್ಲ ಆ ಮಾತು ಮುಚ್ಚಿಹಾಕುವಷ್ಟು ಗದ್ದಲದ ಪೆಟ್ರೋಲ್ ಬ್ಲೋವರೇ ಬೇಕು.

“ನಡುವೆ ನಿಲ್ಲಬಾರದು, ಅಷ್ಟೇ,” ಎಂದ ರೇವಣ್ಣ.

ಅವರವರ ಮನೆಯ ಎಲೆಯ ಮೇಲೇ ಮಿಷನ್ ಓಡಿಸಿ ನೋಡುವುದು ನಮ್ಮಲ್ಲಿ ಪದ್ಧತಿ. ಸರ್ವಮಂಗಳ ಚೀಲ ಸುರಿದಳು. “ಹಿತ್ತಲ ಹಲಸಿಂದು.”

“ಅಲ್ಲಿಂದ ಯಾಕೆ ತಂದೆ?” ರೇವಣ್ಣನ ಮುಖ ಕಪ್ಪಿಟ್ಟಿತು.

ಹಗ್ಗ ಎಳೆದೆ. ಮಿಷನ್ ಗುಡುಗಿತು, ಎಲೆಗಳು ಹಾರಿದವು, ಒಂದು ಮಾತೂ ಕೇಳಲಿಲ್ಲ. ಅವನು ನಕ್ಕ. ಅಷ್ಟರಲ್ಲಿ ಆ ದರಿದ್ರ ಮಿಷನ್ ಕೆಮ್ಮಿ ಆರಿಹೋಯಿತು.

ಕೆಳಗಿಳಿಯುತ್ತಿದ್ದ ಎಲೆಯೊಂದು ರೇವಣ್ಣನ ದನಿಯಲ್ಲಿ ಹೇಳಿತು: “ನಿಮ್ಮ ಮಗಳೇ ಹೇಳಿದಾಳೆ ಅತ್ತೆ, ಮುದುಕಿ ಸಾಕಾಗಿದಾಳೆ, ಕಳಿಸಿಬಿಡಿ ಅಂತ. ಗಂಟು ಕಟ್ಟಿ.”

“ಯುಗಾದಿಗೆ ನಮ್ಮನೆಯಿಂದ ಊರಿಗೆ ಹೋದ ಅಮ್ಮ ಅವತ್ತಿಂದ ನನ್ನ ಫೋನ್ ಎತ್ತಿಲ್ಲ,” ಎಂದಳು ಸರ್ವಮಂಗಳ. “ಯಾಕಿರಬಹುದು ಅಂತ ನಿಮ್ಮನ್ನೇ ಕೇಳಿ ಕಣ್ಣೀರು ಹಾಕಿದೆನಲ್ರೀ!”

“ಎಲೆ ಮಾತು ನಂಬ್ತೀಯಾ?”

“ದನಿ ಯಾರದು?”

ಅವಳು ಆ ಎಲೆಯನ್ನು ಸೆರಗಿಗೆ ಗಂಟು ಹಾಕಿಕೊಂಡು, “ಅಮ್ಮ ಕೇಳಲಿ,” ಎಂದು ಬಸ್‌ಸ್ಟ್ಯಾಂಡ್ ಕಡೆ ನಡೆದಳು.

“ಬರ್ತಾಳೆ ಬಿಡಿ,” ಎಂದು ರೇವಣ್ಣ ಸ್ಟೂಲಿನ ಮೇಲೆ ಕೂತ. ನಾನು ಬಾಗಿಲು ಎಳೆಯುವವರೆಗೂ ಅಲ್ಲೇ ಇದ್ದ. ಅವಳು ಬರಲಿಲ್ಲ.