ಬ್ಯಾಟರಿ ವಾಯರ್

ನುಸಿಗುಳಿಗೆಯ ವಾಸನೆ ಬಂದರೆ ಈಗಲೂ ನನಗೆ ಕಮಲಾಪುರದ ನಮ್ಮ ತಗಡಿನ ಶೆಡ್ಡು ನೆನಪಾಗುತ್ತದೆ.

ಒಂದು ದಿನ ಅಲ್ಲಿ ನಮ್ಮ ಕಾರನ್ನು ಓಡಿಸದೆ ನಿಲ್ಲಿಸಿಡುವ ತಯಾರಿ ನಡೆದಿತ್ತು. ಮರುದಿನ ಅಪ್ಪ ಚಿಕಿತ್ಸೆಗೆಂದು ಹೈದರಾಬಾದಿಗೆ ಹೊರಡುವವರಿದ್ದರು. ಎಷ್ಟು ತಿಂಗಳು ಹಿಡಿಯುತ್ತದೋ ಡಾಕ್ಟರರೂ ಹೇಳಿರಲಿಲ್ಲ. ಆ ಮಧ್ಯಾಹ್ನ ಅವರು ಸ್ಟೂಲಿನ ಮೇಲೆ ಕೂತು ಹೇಳಿದಂತೆ ಅವ್ವ ಕಾರಿನ ಗಾಲಿಗೆ ಗಾಳಿ ತುಂಬಿದಳು, ಇಲಿ ಬಾರದಿರಲೆಂದು ಸೀಟಿನಡಿ ನುಸಿಗುಳಿಗೆ ಇಟ್ಟಳು.

"ಇನ್ನ ಬ್ಯಾಟರಿ ವಾಯರ್ ಬಿಚ್ಚು. ಇಲ್ಲಾಂದ್ರ ನಿಂತಲ್ಲೇ ಡೌನ್ ಆಗ್ತದ," ಎಂದರು ಅಪ್ಪ.

ಅವ್ವ ನಟ್ಟು ಬಿಚ್ಚಲು ಹಿಡಿದಿದ್ದ ಪಾನಾ ಕೆಳಗಿಟ್ಟಳು. "ಬಿಚ್ಚಂಗಿಲ್ಲ ರೀ. ವಾರಕ್ಕೊಮ್ಮೆ ನಾನೇ ಓಡಸ್ತೀನಿ. ಹ್ಯಾಂಗಂತ ಕಲಸ್ರಿ."

ಅಪ್ಪ ಗೋಡೆ ಹಿಡಿದು ಎದ್ದು, ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಅವ್ವನ ಕೈಗೆ ಚಾವಿ ಕೊಟ್ಟರು.

"ಮೊದಲ ಕ್ಲಚ್ ಒತ್ತು."

ಚಿಕಿತ್ಸೆ ಮುಗಿಸಿ ಬೇಸಿಗೆಯಲ್ಲಿ ಕಲಬುರಗಿ ಸ್ಟೇಷನ್ನಿನಲ್ಲಿ ಇಳಿದ ಅಪ್ಪನನ್ನು ಅದೇ ಕಾರಿನಲ್ಲಿ ಅವ್ವನೇ ಕರೆತಂದಳು. ದಾರಿಯುದ್ದಕ್ಕೂ ಅವರು ಒಮ್ಮೆಯೂ 'ಬ್ರೇಕ್ ಹಿಡಿ' ಅನ್ನಲಿಲ್ಲ.